ಮ್ಯಾಡ್ರಿಡ್ ಸಮೀಪದ ಚಿಂಚೋನ್: ಒಂದು ದಿನ ಸಾಕೇ, ಒಂದು ರಾತ್ರಿ ಉಳಿಯಬೇಕೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಮಗಳ ಮನೆಯಲ್ಲಿ ಮೂರು ವಾರ ಇದ್ದು ಬರಲು ಮ್ಯಾಡ್ರಿಡ್‌ಗೆ ಹೊರಟಿದ್ದೇವೆ. ಟೊಲೆಡೊ ಮತ್ತು ಸೆಗೋವಿಯಾಗಳನ್ನು ವಾರಾಂತ್ಯದಲ್ಲಿ ತೋರಿಸುತ್ತೇನೆಂದು ಮಗಳು ಹೇಳಿದ್ದಾಳೆ. ವಾರದ ದಿನಗಳಲ್ಲಿ ಅವಳಿಗೆ ಕಚೇರಿ ಇರುವುದರಿಂದ, ನಾವಿಬ್ಬರೇ ಹೋಗಿ ಬರಬಹುದಾದ, ಹಳೆಯ ಸ್ವರೂಪವನ್ನು ಉಳಿಸಿಕೊಂಡಿರುವ ಒಂದು ಸಣ್ಣ ಊರನ್ನು ನೋಡಬೇಕೆಂಬ ಆಸೆ ನನ್ನದು. ಆ ಊರು ಚಿಂಚೋನ್ ಆಗಿರಲಿ ಎಂದು ಮನಸ್ಸಿನಲ್ಲಿ ಆಗಲೇ ಗೊತ್ತುಮಾಡಿಕೊಂಡಿದ್ದೇನೆ.

ಅದಕ್ಕೆ ಕಾರಣವಿದೆ. ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು. ಸಿಂಕೋನಾ ಮರದ ತೊಗಟೆ, ಅದರಿಂದ ತೆಗೆಯುವ ಕ್ವಿನೈನ್ ಔಷಧ, ಮಲೇರಿಯಾ ಇವುಗಳ ಪಾಠ ಬಂದಾಗಲೆಲ್ಲ, ಪೆರು ದೇಶದಲ್ಲಿ ಚಳಿಜ್ವರದಿಂದ ಹಾಸಿಗೆ ಹಿಡಿದಿದ್ದ ಚಿಂಚೋನ್‌ನ ಕೌಂಟೆಸ್, ಅಂದರೆ ಆ ಊರಿನ ಜಹಗೀರುದಾರನ ಹೆಂಡತಿ, ಆ ತೊಗಟೆಯ ಕಷಾಯ ಕುಡಿದು ಗುಣಮುಖಳಾದಳು, ಅವಳ ಊರಿನ ಹೆಸರೇ ಮರಕ್ಕೆ ಬಂತು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಹಾಗೆ ಸಾವಿರಾರು ಮಕ್ಕಳಿಗೆ ಹೆಸರು ಹೇಳಿದ ಊರನ್ನು ಕಣ್ಣಾರೆ ಕಾಣುವ ಅವಕಾಶ ಇಷ್ಟು ಹತ್ತಿರ ಬಂದಿರುವಾಗ ಬಿಡುವ ಮನಸ್ಸಿಲ್ಲ.

ಬಸ್ಸಿನಲ್ಲಿ ಹೋಗಬಹುದೇ? ಯಜಮಾನರಿಗೆ ಮಂಡಿನೋವು ಇರುವುದರಿಂದ ಏರುದಾರಿ ಎಷ್ಟಿದೆ ಎಂಬುದೂ ತಿಳಿಯಬೇಕು. ನಾವು ಸಸ್ಯಾಹಾರಿಗಳು, ನಾನು ಮೊಟ್ಟೆ ತಿನ್ನುತ್ತೇನೆ, ಅವರು ತಿನ್ನುವುದಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಮಂಥನಾರೆಸ್ ದಂಡೆ

ನಮಸ್ಕಾರ ಮೇಡಂ. ಒಂಬತ್ತು ವರ್ಷಗಳಿಂದ ಮ್ಯಾಡ್ರಿಡ್‌ನಲ್ಲಿದ್ದೇನೆ. ಊರಿನಿಂದ ಯಾರೇ ಬರಲಿ, ಅವರನ್ನು ಚಿಂಚೋನ್‌ಗೆ ಕರೆದುಕೊಂಡು ಹೋಗುತ್ತೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಊರು ಮ್ಯಾಡ್ರಿಡ್‌ನ ಆಗ್ನೇಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿದೆ. ರೈಲು ಇಲ್ಲ. ಕೋಂದೆ ದೆ ಕಸಾಲ್ ಮೆಟ್ರೊ ನಿಲ್ದಾಣದ ಬಳಿಯಿಂದ ಹೊರಡುವ 337ನೇ ಸಂಖ್ಯೆಯ ಹಸಿರು ಬಸ್ಸು ಒಂದು ಗಂಟೆಯೊಳಗೋ ಅದಕ್ಕೆ ತುಸು ಹೆಚ್ಚು ಹೊತ್ತಿಗೋ ತಲುಪಿಸುತ್ತದೆ. ಶನಿವಾರ, ಭಾನುವಾರ ಬಸ್ಸುಗಳು ಕಡಿಮೆ. ಹಿಂತಿರುಗುವ ಕೊನೆಯ ಬಸ್ಸಿನ ಹೊತ್ತನ್ನು ಹೋಗುವ ದಿನವೇ ನಿಲ್ದಾಣದ ಫಲಕದಲ್ಲಿ ನೋಡಿ ಬರೆದಿಟ್ಟುಕೊಳ್ಳಿ.

ಬಸ್ಸು ಇಳಿದ ಕಡೆಯಿಂದ ಚೌಕಕ್ಕೆ ಐದಾರು ನಿಮಿಷದ ನಡಿಗೆ. ಬೀದಿಯ ತಿರುವಿನಲ್ಲಿ ಒಮ್ಮೆಲೇ ಪ್ಲಾಸಾ ಮಯೋರ್ ತೆರೆದುಕೊಳ್ಳುತ್ತದೆ. ಇದು ಮ್ಯಾಡ್ರಿಡ್‌ನ ದೊಡ್ಡ ಚೌಕದಂತೆ ನೇರ ಗೆರೆ ಹಾಕಿ ಕಟ್ಟಿದ್ದಲ್ಲ. ಹದಿನೈದನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗೆ ಒಂದೊಂದೇ ಮನೆ ಎದ್ದು ನಿಂತು, ಎಲ್ಲವೂ ಒಂದೇ ಬಯಲಿಗೆ ಮುಖಮಾಡಿದ್ದರಿಂದ ತಾನಾಗಿ ರೂಪುಗೊಂಡ ಚೌಕ. ನೆಲ ಒಂದು ಕಡೆಗೆ ಇಳಿಜಾರು. ಆಕಾರ ದುಂಡೂ ಅಲ್ಲ, ಚಚ್ಚೌಕವೂ ಅಲ್ಲ. ಎರಡು ಮೂರು ಅಂತಸ್ತಿನ ಮನೆಗಳ ಮುಂದೆ ಉದ್ದಕ್ಕೂ ಹಸಿರು ಬಣ್ಣ ಬಳಿದ ಮರದ ಮೊಗಸಾಲೆಗಳು, ಕೆಳಗೆ ಕಂಬಸಾಲಿನ ಕೈಸಾಲೆ. ಮೊಗಸಾಲೆಗಳ ಕಂಬದ ನಡುವಿನ ಒಂದೊಂದು ಅಂಕಣವನ್ನು ಅಲ್ಲಿನವರು ‘ಕ್ಲಾರೊ’ ಎನ್ನುತ್ತಾರೆ. ಅಂಥವು ಒಟ್ಟು 234 ಇವೆ. ನಮ್ಮವರಿಗೆ ಅದನ್ನು ವಿವರಿಸುವಾಗ ನಾನು ತೊಟ್ಟಿಮನೆಯ ಹೆಸರು ಹೇಳುತ್ತೇನೆ: ಇಡೀ ಊರು ಒಂದೇ ಮನೆ, ಈ ಚೌಕ ಅದರ ತೊಟ್ಟಿ. ಸಂತೆ, ನಾಟಕ, ಗೂಳಿಕಾಳಗ, ಹಬ್ಬದ ಮೆರವಣಿಗೆ ಎಲ್ಲವೂ ಈ ತೊಟ್ಟಿಯಲ್ಲೇ ನಡೆದಿವೆ, ಮನೆಯವರು ಮೊಗಸಾಲೆಯಲ್ಲಿ ನಿಂತು ನೋಡಿದ್ದಾರೆ.

ಮೊಗಸಾಲೆಯ ಮರವನ್ನು ಹತ್ತಿರದಿಂದ ನೋಡಿ. ಹಸಿರು ಬಣ್ಣದ ಕೆಳಗೆ ಹಳೆಯ ಬಣ್ಣದ ಪದರಗಳು ಅಲ್ಲಲ್ಲಿ ಎದ್ದು ನಿಂತಿರುತ್ತವೆ. ತೊಲೆಗಳು ನಡುವೆ ತುಸು ಬಾಗಿವೆ. ಅವುಗಳ ಬಾಗಿಗೆ ಅನುಗುಣವಾಗಿ ಕಟಾಂಜನವೂ ಬಾಗಿದೆ. ಒಂದು ಮನೆಯ ಮೊಗಸಾಲೆ ಮುಗಿದು ಪಕ್ಕದ ಮನೆಯದು ಒಂದು ಗೇಣು ಮೇಲೆ ಆರಂಭವಾಗುವ ಜಾಗಗಳನ್ನು ಗಮನಿಸಿದರೆ, ಯಾವ ಮನೆ ಎಲ್ಲಿ ಮುಗಿಯುತ್ತದೆ ಎಂಬುದು ಗೋಡೆ ನೋಡದೆಯೇ ತಿಳಿಯುತ್ತದೆ.

ಮಂಡಿನೋವಿನ ವಿಷಯ: ಚೌಕದಿಂದ ಚರ್ಚಿಗೂ ಕೋಟೆಗೂ ಏರಬೇಕು. ಚರ್ಚಿನ ಏರು ಚಿಕ್ಕದು, ಆದರೆ ಕಲ್ಲು ಹಾಸಿದ ದಾರಿ. ಕೋಟೆ ಇನ್ನೂ ಹದಿನೈದು ನಿಮಿಷ ದೂರ. ಒಳಗೆ ಪ್ರವೇಶವಿಲ್ಲ, ಹೊರಗಿನಿಂದ ಹಂಚಿನ ಮಾಡುಗಳನ್ನೂ ಆಲಿವ್ ತೋಟಗಳನ್ನೂ ನೋಡಬಹುದು. ಯಜಮಾನರು ಚೌಕದಲ್ಲೇ ಕುಳಿತಿದ್ದರೂ ಅವರಿಗೆ ನಷ್ಟವಿಲ್ಲ.

ದಾರಿಹೋಕ

ಮೇಡಂ ಅವರಿಗೆ ನಾನು ಬೇರೆ ಅಭಿಪ್ರಾಯ ಹೇಳಬೇಕಾಗಿದೆ. ನಾನು ಎರಡು ವರ್ಷದ ಹಿಂದೆ ಚಿಂಚೋನ್‌ಗೆ ಹೋಗಿದ್ದೆ. ಚೌಕ ಸುಂದರವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡು ಗಂಟೆಯಲ್ಲಿ ಎಲ್ಲವನ್ನೂ ನೋಡಿ ಮುಗಿದಿತ್ತು. ಭಾನುವಾರವಾದ್ದರಿಂದ ಮ್ಯಾಡ್ರಿಡ್‌ನ ಕುಟುಂಬಗಳೆಲ್ಲ ಊಟಕ್ಕೆ ಬಂದು, ಕೈಸಾಲೆಯ ಉದ್ದಕ್ಕೂ ಹೋಟೆಲಿನ ಮೇಜುಗಳೇ ತುಂಬಿದ್ದವು. ಅದು ಸಣ್ಣ ಊರು ಅನ್ನಿಸಲೇ ಇಲ್ಲ. ಸೀಮಿತ ದಿನಗಳಿರುವವರು ಸೆಗೋವಿಯಾದ ರೋಮನ್ ಮೇಲ್ಗಾಲುವೆಯನ್ನು ಇನ್ನೊಮ್ಮೆ ನೋಡಿದರೂ ಲಾಭವೇ. ಅತಿವೇಗದ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ತಲುಪಬಹುದು.

ಮಂಥನಾರೆಸ್ ದಂಡೆ

ದಾರಿಹೋಕರೇ, ನೀವು ಕಂಡದ್ದು ನಿಜ. ಆದರೆ ನೀವು ಹೋದ ದಿನವೂ ಹೊತ್ತೂ ಆ ಊರು ತಾನಾಗಿರದ ಹೊತ್ತು ಎಂದು ನನ್ನ ವಾದ. ಸುಮಾರು ಐದೂವರೆ ಸಾವಿರ ಜನರಿರುವ ಊರು ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಮ್ಯಾಡ್ರಿಡ್‌ಗೆ ಅಡುಗೆಮನೆಯಾಗಿರುತ್ತದೆ. ಅದೇ ಚೌಕಕ್ಕೆ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹತ್ತಕ್ಕೆ ಹೋಗಿ ನೋಡಿ: ಕಾರಂಜಿಯ ಬಳಿ ಇಬ್ಬರು ಮುದುಕರು, ಔಷಧಿ ಅಂಗಡಿಗೆ ಹೊರಟ ಒಬ್ಬಾಕೆ, ಬ್ರೆಡ್ಡಿನ ಚೀಲ ಹಿಡಿದು ಅಡ್ಡ ದಾಟುವ ಹುಡುಗ, ಇಷ್ಟೇ. ಇನ್ನೂ ಒಳ್ಳೆಯದೆಂದರೆ ರಾತ್ರಿ ಅಲ್ಲೇ ಉಳಿಯುವುದು. ಸಂಜೆಯ ಬಸ್ಸು ಹೊರಟ ಮೇಲೆ ಊರಿನವರು ಮನೆಯಿಂದ ಹೊರಗೆ ಬಂದು ಚೌಕದ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕುತ್ತಾರೆ. ಅದನ್ನು ನೋಡದೆ ಚಿಂಚೋನ್ ನೋಡಿದೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹದಿನೇಳನೆಯ ಶತಮಾನದ ಅಗಸ್ಟೀನಿಯನ್ ಸನ್ಯಾಸಿಗಳ ಮಠವೊಂದನ್ನು ಸರ್ಕಾರ 1982ರಲ್ಲಿ ಪರಾದೋರ್, ಅಂದರೆ ಸರ್ಕಾರಿ ವಸತಿಗೃಹವಾಗಿ ತೆರೆಯಿತು. ನಡುವೆ ಕೆಲಕಾಲ ಆ ಕಟ್ಟಡ ನ್ಯಾಯಾಲಯವೂ ಸೆರೆಮನೆಯೂ ಆಗಿತ್ತು. ಅದು ದುಬಾರಿ, ಚೌಕದ ಆಸುಪಾಸಿನಲ್ಲಿ ಕಡಿಮೆ ಬಾಡಿಗೆಯ ಕೋಣೆಗಳೂ ಸಿಗುತ್ತವೆ. ವಾರದ ನಡುವೆ ಕೋಣೆ ಸುಲಭವಾಗಿ ಸಿಗುತ್ತದೆ, ಆದರೆ ಕೆಲವು ಹೋಟೆಲುಗಳು ಮುಚ್ಚಿರುತ್ತವೆ. ಈ ಕೊಡು-ಕೊಳ್ಳುವಿಕೆಯನ್ನು ಒಪ್ಪಿಕೊಂಡೇ ಹೋಗಬೇಕು.

ಹಳೇ ಪುಸ್ತಕ

ತುಂಗಾತೀರ ಮೇಡಂ, ನಿಮ್ಮ ಪ್ರವಾಸಕ್ಕೆ ಶುಭವಾಗಲಿ. ನಿಮ್ಮ ಉತ್ಸಾಹಕ್ಕೆ ಭಂಗ ತರುವ ಉದ್ದೇಶ ನನಗಿಲ್ಲ. ನೀವು ಶಿಕ್ಷಕಿಯಾದ್ದರಿಂದ ಸತ್ಯ ಸಂಗತಿ ನಿಮಗೆ ಬೇಕೆಂದೇ ತಿಳಿದು ಬರೆಯುತ್ತಿದ್ದೇನೆ. ಕೌಂಟೆಸ್‌ಳ ಜ್ವರ ವಾಸಿಯಾದ ಕಥೆ ನಡೆದದ್ದಲ್ಲ.

ಕಥೆಯನ್ನು ಮೊದಲು ಅಚ್ಚಿನಲ್ಲಿ ಹೇಳಿದವನು ಜಿನೋವಾದ ವೈದ್ಯ ಸೆಬಾಸ್ಟಿಯಾನೊ ಬಾದೊ, 1663ರಲ್ಲಿ. ಚಿಂಚೋನ್‌ನ ನಾಲ್ಕನೆಯ ಕೌಂಟ್ ಪೆರುವಿನ ವೈಸ್‌ರಾಯ್ ಆಗಿದ್ದದ್ದು 1629ರಿಂದ 1639ರವರೆಗೆ. ಸಸ್ಯಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ರೂಪಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಈ ಕಥೆಯನ್ನು ನಂಬಿ 1742ರಲ್ಲಿ ಮರದ ಕುಲಕ್ಕೆ ಸಿಂಕೋನಾ ಎಂದು ಹೆಸರಿಟ್ಟ. ಚಿಂಚೋನ್ ಎಂಬುದರ ಮೊದಲ ಅಕ್ಷರದಲ್ಲಿದ್ದ ‘ಹೆಚ್’ ಬಿಟ್ಟುಹೋದದ್ದರಿಂದ ನಾವೆಲ್ಲ ಇಂದಿಗೂ ‘ಸಿಂ’ ಎನ್ನುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕ್ಲೆಮೆಂಟ್ಸ್ ಮಾರ್ಕಮ್ ಆ ಕೌಂಟೆಸ್ ಅನಾ ದೆ ಓಸೋರಿಯೊ ಎಂದು ನಂಬಿ 1874ರಲ್ಲಿ ಅವಳ ಜೀವನಕಥೆಯನ್ನೇ ಬರೆದ, ಬಿಟ್ಟುಹೋದ ಅಕ್ಷರವನ್ನು ಮತ್ತೆ ಸೇರಿಸಬೇಕೆಂದು ವಾದಿಸಿದ. ಆದರೆ ಅನಾ ದೆ ಓಸೋರಿಯೊ, ತನ್ನ ಗಂಡ ಪೆರುವಿಗೆ ಹೊರಡುವ ಮೊದಲೇ, 1625ರಲ್ಲಿ, ತೀರಿಕೊಂಡಿದ್ದಳು. ಪೆರುವಿಗೆ ಹೋದವಳು ಎರಡನೆಯ ಹೆಂಡತಿ ಫ್ರಾನ್ಸಿಸ್ಕಾ. ವೈಸ್‌ರಾಯ್‌ನ ಆಡಳಿತದ ದಿನಚರಿಯನ್ನು ಬರೆದಿಟ್ಟ ಹುವಾನ್ ಆಂತೋನಿಯೊ ಸುವಾರ್ದೊ ಎಂಬಾತನ ಬರಹದಲ್ಲಿ ಅವಳು ತೊಗಟೆಯಿಂದ ಜ್ವರ ವಾಸಿ ಮಾಡಿಕೊಂಡ ಮಾತೇ ಇಲ್ಲ. ಅವಳು ಮರಳಿ ಬರುವ ದಾರಿಯಲ್ಲಿ, ಇಂದಿನ ಕೊಲಂಬಿಯಾದ ಕಾರ್ತಹೇನಾದಲ್ಲಿ ತೀರಿಕೊಂಡಳು. ತೊಗಟೆಯನ್ನು ಸ್ಪೇನಿಗೆ ತಂದು ಚಿಂಚೋನ್‌ನ ರೈತರಿಗೆ ಹಂಚಿದಳೆಂಬ ಭಾಗವೂ ಆದ್ದರಿಂದ ನಿಲ್ಲುವುದಿಲ್ಲ. ಎ. ಡಬ್ಲ್ಯು. ಹ್ಯಾಗಿಸ್ ಎಂಬ ವಿದ್ವಾಂಸ 1941ರಲ್ಲಿ ಈ ದಾಖಲೆಗಳನ್ನೆಲ್ಲ ಒಟ್ಟಿಗೆ ಇಟ್ಟು ತೋರಿಸಿದ. ತೊಗಟೆಯನ್ನು ಯುರೋಪಿಗೆ ಮುಟ್ಟಿಸುವುದರಲ್ಲಿ ದೊಡ್ಡ ಪಾತ್ರ ವಹಿಸಿದವರು ಜೆಸ್ವಿಟ್ ಪಾದ್ರಿಗಳು; ಬಹಳ ಕಾಲ ಅದಕ್ಕೆ ‘ಜೆಸ್ವಿಟರ ತೊಗಟೆ’ ಎಂದೇ ಹೆಸರಿತ್ತು.

ತುಂಗಾತೀರ

ಹಳೇ ಪುಸ್ತಕ ಅವರೇ, ನಿಮ್ಮ ಉತ್ತರವನ್ನು ಎರಡು ಸಲ ಓದಿದೆ. ಓದಿ ಮುಗಿಸಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಸುಳ್ಳು ಹೇಳಿದೆನಲ್ಲ ಎಂಬುದಕ್ಕಿಂತ, ಇಷ್ಟು ವರ್ಷದಲ್ಲಿ ಒಮ್ಮೆಯೂ ಅದನ್ನು ಪರೀಕ್ಷಿಸಬೇಕೆಂದು ನನಗೆ ತೋಚಲಿಲ್ಲವಲ್ಲ ಎಂಬ ಕಸಿವಿಸಿ. ಪಠ್ಯದ ಕೈಪಿಡಿಯಲ್ಲಿ ಎರಡು ಸಾಲಿತ್ತು. ನಾನು ಅದಕ್ಕೆ ಹಾಸಿಗೆ, ಕಷಾಯ, ಕಹಿಗೆ ಮುಖ ಕಿವುಚಿದ ಕೌಂಟೆಸ್ ಎಲ್ಲವನ್ನೂ ಸೇರಿಸಿ ಹೇಳುತ್ತಿದ್ದೆ.

ನಮ್ಮ ಮಕ್ಕಳಿಗೆ ಆ ಕಥೆ ಹತ್ತಿರವಾಗಿತ್ತು ಎಂಬುದನ್ನೂ ಹೇಳಬೇಕು. ನನ್ನ ಅತ್ತೆಯವರಿಗೆ ಹುಡುಗಿಯಾಗಿದ್ದಾಗ ಚಳಿಜ್ವರ ಬಂದು ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದಿತ್ತು. ದಿನ ಬಿಟ್ಟು ದಿನ ಮಧ್ಯಾಹ್ನದ ಹೊತ್ತಿಗೆ ನಡುಕ ಹತ್ತಿದರೆ ಮೂರು ಕಂಬಳಿ ಹೊದೆಸಿ ಮೇಲೆ ಒಬ್ಬರು ಕುಳಿತುಕೊಳ್ಳುತ್ತಿದ್ದರಂತೆ. ಕ್ವಿನೈನನ್ನು ಬಾಳೆಹಣ್ಣಿನ ನಡುವೆ ಇಟ್ಟು ನುಂಗಿಸುತ್ತಿದ್ದರಂತೆ. ಆಮೇಲೆ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಗುತ್ತಿತ್ತು ಎಂದು ತೊಂಬತ್ತರ ವಯಸ್ಸಿನಲ್ಲೂ ಹೇಳುತ್ತಿದ್ದರು. ಬಾಳೆಹಣ್ಣು ಸುಲಿಯುವಾಗ ಒಮ್ಮೆ ನಿಂತು ಮೂಸಿ ನೋಡುವ ಅಭ್ಯಾಸ ಅವರಿಗೆ ಕೊನೆಯವರೆಗೂ ಹೋಗಲಿಲ್ಲ.

ಹೀಗಿರುವಾಗ ಆ ಊರಿಗೆ ಈಗ ಹೋಗುವುದಕ್ಕೆ ಅರ್ಥವಿದೆಯೇ ಎಂದು ಒಂದು ದಿನವೆಲ್ಲ ಯೋಚಿಸಿದೆ.

ನಡುವಟ್ಟಂ ದಾರಿ

ಟೀಚರೇ, ಖಂಡಿತ ಅರ್ಥವಿದೆ. ಗುಂಡ್ಲುಪೇಟೆಯವನು ನಾನು. ನಮ್ಮ ಕಡೆಯಿಂದ ಗೂಡಲೂರು ಮಾರ್ಗವಾಗಿ ಊಟಿಗೆ ಏರುವವರಿಗೆಲ್ಲ ನಡುವಟ್ಟಂ ಗೊತ್ತು. 1860ರ ದಶಕದಲ್ಲಿ ಅಲ್ಲಿಯೂ ದೊಡ್ಡಬೆಟ್ಟದ ಇಳಿಜಾರಿನಲ್ಲಿಯೂ ಸರ್ಕಾರ ಸಿಂಕೋನಾ ತೋಟಗಳನ್ನು ಹಾಕಿತು. ಹಳೇ ಪುಸ್ತಕ ಅವರು ಹೇಳಿದ ಅದೇ ಮಾರ್ಕಮ್ 1860ರಲ್ಲಿ ಪೆರುವಿಗೆ ಹೋಗಿ ಸಸಿಗಳನ್ನೂ ಬೀಜಗಳನ್ನೂ ತರುವ ಕೆಲಸದ ಮುಂದಾಳಾಗಿದ್ದವನು. ನೀಲಗಿರಿಯಲ್ಲಿ ಅವುಗಳನ್ನು ಬೆಳೆಸಿ ಉಳಿಸಿದವನು ಊಟಿಯ ಸಸ್ಯತೋಟದ ಮ್ಯಾಕ್‌ಐವರ್. ನಡುವಟ್ಟಂನಲ್ಲಿ ಕ್ವಿನೈನ್ ಕಾರ್ಖಾನೆಯೂ ಇತ್ತು. ನಿಮ್ಮ ಅತ್ತೆಯವರು ನುಂಗಿದ ಕ್ವಿನೈನ್ ಆ ಗುಡ್ಡದಿಂದಲೇ ಬಂದಿರಬಹುದು. ಕೌಂಟೆಸ್ ಆ ಕಷಾಯ ಕುಡಿಯದಿದ್ದರೂ ಅವಳ ಊರಿನ ಹೆಸರು ನಮ್ಮ ಗುಡ್ಡಗಳವರೆಗೆ ಬಂದದ್ದು ಸುಳ್ಳಲ್ಲ.

ಹಳೇ ಪುಸ್ತಕ

ನಡುವಟ್ಟಂ ದಾರಿಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಇನ್ನೊಂದು ಸಲಹೆಯನ್ನೂ ಸೇರಿಸುತ್ತೇನೆ. ಚಿಂಚೋನ್‌ಗೆ ಹೋಗುವ ಮೊದಲು ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿ ಸ್ಪೇನಿನ ಹೆಸರಾಂತ ಚಿತ್ರಕಾರ ಗೋಯಾ 1800ರಲ್ಲಿ ಬರೆದ ‘ಚಿಂಚೋನ್‌ನ ಕೌಂಟೆಸ್’ ಚಿತ್ರವನ್ನು ನೋಡಿ. ಅವಳು ಜ್ವರದ ಕಥೆಯ ಕೌಂಟೆಸ್ ಅಲ್ಲ; ಅದಾಗಿ ಒಂದೂವರೆ ಶತಮಾನದ ಮೇಲೆ ಬದುಕಿದ್ದ ಮರಿಯಾ ತೆರೇಸಾ. ಅವಳ ತಂದೆ ದೊರೆ ಮೂರನೆಯ ಕಾರ್ಲೋಸ್‌ನ ತಮ್ಮ ಲೂಯಿಸ್. ಅವನು 1761ರಲ್ಲಿ ಚಿಂಚೋನ್‌ನ ಜಹಗೀರನ್ನು ಕೊಂಡುಕೊಂಡಿದ್ದ. ಗೋಯಾ ಅವಳನ್ನು ಪುಟ್ಟ ಹುಡುಗಿಯಾಗಿದ್ದಾಗಿನಿಂದ ಬಲ್ಲವನು. ಚಿತ್ರದಲ್ಲಿ ಅವಳು ತುಂಬು ಬಸುರಿ. ತಲೆಯ ಮೇಲೆ ಗೋಧಿಯ ತೆನೆಗಳನ್ನು ಮುಡಿದಿದ್ದಾಳೆ. ಕೈಗಳು ಹೊಟ್ಟೆಯ ಮುಂದೆ ಸೇರಿವೆ. ಸುತ್ತ ಬರಿಯ ಕತ್ತಲು. ಸೋಮವಾರದಿಂದ ಶನಿವಾರದವರೆಗೆ ಸಂಜೆ ಆರರಿಂದ ಎಂಟರವರೆಗೆ ಪ್ರಾದೊಗೆ ಉಚಿತ ಪ್ರವೇಶವಿದೆ.

ಆಮೇಲೆ ಚಿಂಚೋನ್‌ನಲ್ಲಿ ಚೌಕದ ಮೇಲಿರುವ ಅಸುನ್ಸಿಯೋನ್ ಚರ್ಚಿಗೆ ಏರಿ. ಗರ್ಭಗುಡಿಯಲ್ಲಿ ಗೋಯಾ 1812ರಲ್ಲಿ ಬರೆದ ಮೇರಿಯ ಸ್ವರ್ಗಾರೋಹಣದ ದೊಡ್ಡ ಚಿತ್ರವಿದೆ. ಅವನ ತಮ್ಮ ಕಮೀಲೊ ಆ ಊರಿನಲ್ಲೇ ಪಾದ್ರಿಯಾಗಿದ್ದ. 1808ರ ಡಿಸೆಂಬರಿನಲ್ಲಿ ನೆಪೋಲಿಯನ್ನನ ಸೈನ್ಯ ಊರಿಗೆ ಬೆಂಕಿಯಿಟ್ಟಾಗ ನ್ವೆಸ್ತ್ರಾ ಸೆನ್ಯೋರಾ ದೆ ಗ್ರಾಸಿಯಾ ಎಂಬ ಹಳೆಯ ಚರ್ಚು ನಾಶವಾಗಿ ಅದರ ಗೋಪುರ ಮಾತ್ರ ಉಳಿಯಿತು. ಈಗಿನ ಚರ್ಚಿಗೆ ಗೋಪುರವಿಲ್ಲ. ಆದ್ದರಿಂದ ಊರಿನವರು ‘ನಮ್ಮಲ್ಲಿ ಚರ್ಚಿಲ್ಲದ ಗೋಪುರವೂ ಇದೆ, ಗೋಪುರವಿಲ್ಲದ ಚರ್ಚೂ ಇದೆ’ ಎಂದು ಹೇಳಿಕೊಳ್ಳುತ್ತಾರೆ. ಬೆಂಕಿ ಬಿದ್ದ ನಾಲ್ಕನೆಯ ವರ್ಷಕ್ಕೆ ಆ ಚಿತ್ರ ಬಂತು ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ, ಕೆಳಗಿನಿಂದ ಮೇಲಕ್ಕೆ ಎದ್ದು ಬರುವ ಬೆಳಕು ಬೇರೆಯೇ ರೀತಿಯಲ್ಲಿ ಕಾಣುತ್ತದೆ. ಚರ್ಚು ದಿನವಿಡೀ ತೆರೆದಿರುವುದಿಲ್ಲ; ಪೂಜೆಯ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ.

ಸಾಸಿವೆ ಒಗ್ಗರಣೆ

ಊಟದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ ಮೇಡಂ. ಚಿಂಚೋನ್‌ನ ಮೆಸೋನ್‌ಗಳು, ಅಂದರೆ ಹಳೆಯ ಕಾಲದ ಊಟದ ಮನೆಗಳು, ಸೌದೆಯ ಒಲೆಯಲ್ಲಿ ಸುಟ್ಟ ಕುರಿಮರಿ ಮತ್ತು ಹಂದಿಮರಿಗೆ ಹೆಸರಾದವು. ಸಸ್ಯಾಹಾರಿ ಎಂದು ಒಂದು ಮಾತು ಹೇಳಿದರೆ ಸಾಲದು. ಹಮೋನ್ ಎಂಬ ಉಪ್ಪುಹಂದಿಯ ಚೂರನ್ನೂ ಟ್ಯೂನಾ ಮೀನನ್ನೂ ಅಲ್ಲಿ ಅನೇಕರು ಮಾಂಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ನಾನು ಮೊದಲ ಸಲ ಒಂದು ಊಟದ ಮನೆಯಲ್ಲಿ ಬೆಳ್ಳುಳ್ಳಿ ಸೂಪು ಕೇಳಿದೆ. ಬ್ರೆಡ್ಡು, ಬೆಳ್ಳುಳ್ಳಿ, ಕೆಂಪು ಮೆಣಸಿನ ಪುಡಿ ಎಂದರು. ಮೂರನೆಯ ಚಮಚಕ್ಕೆ ತಳದಿಂದ ಹಮೋನ್ ಚೂರುಗಳು ಎದ್ದು ಬಂದವು. ಆದ್ದರಿಂದ ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ’ ಎಂದು ಮೂರನ್ನೂ ಬಿಡಿಸಿ ಹೇಳಿ. ‘ಸಿನ್’ ಎಂದರೆ ‘ಇಲ್ಲದೆ’. ಸೂಪಿನ ನೀರು ಮಾಂಸದ ಸಾರೇ ಎಂದು ‘ಕಾಲ್ದೊ’ ಎಂಬ ಮಾತಿನಿಂದ ಕೇಳಬೇಕು. ಯಜಮಾನರು ಮೊಟ್ಟೆ ತಿನ್ನದಿದ್ದರೆ ‘ಸಿನ್ ವೇವೊ’ ಎಂದೂ ಸೇರಿಸಿ.

ಸಿಗುವುದು ಏನು? ಬದನೆ, ದೊಣ್ಣೆಮೆಣಸಿನಕಾಯಿ, ಟೊಮೆಟೊ ಬೇಯಿಸಿದ ಪಿಸ್ತೊ ಎಂಬ ಪಲ್ಯ ಅನ್ನಕ್ಕೂ ಹೊಂದುವಂಥದ್ದು. ಅದರ ಮೇಲೆ ಮೊಟ್ಟೆ ಹಾಕಬೇಡಿ ಎನ್ನಬೇಕು. ಸುಟ್ಟ ಮೆಣಸಿನಕಾಯಿ, ಮಾಂಚೆಗೊ ಗಿಣ್ಣು, ಆಲಿವ್ ಕಾಯಿ, ಬ್ರೆಡ್ಡು ಧಾರಾಳವಾಗಿ ಸಿಗುತ್ತವೆ. ನೀವು ಆಲೂಗಡ್ಡೆ ತೊರ್ತಿಯಾ, ಅಂದರೆ ಆಲೂಗಡ್ಡೆ ಹಾಕಿದ ದಪ್ಪ ಮೊಟ್ಟೆದೋಸೆ, ತಿನ್ನಬಹುದು. ಮಧ್ಯಾಹ್ನದ ಊಟ ಎರಡು ಗಂಟೆಯ ಮೊದಲು ಸಿಗುವುದು ಕಷ್ಟ. ಹನ್ನೆರಡೂವರೆಗೆ ಹಸಿಯುವವರು ಮೊಸರನ್ನದ ಡಬ್ಬಿ ಕಟ್ಟಿಕೊಂಡು ಹೋಗುವುದೇ ಲೇಸು. ಪರಾದೋರ್‌ನಲ್ಲಾದರೆ ಹಿಂದಿನ ದಿನವೇ ಹೇಳಿಟ್ಟರೆ ಅನುಕೂಲ.

ಊರಿನ ಬೆಳ್ಳುಳ್ಳಿಗೆ ಒಳ್ಳೆಯ ಹೆಸರಿದೆ. ಸೋಂಪಿನ ಮದ್ಯವೂ ಈ ಊರಿನದೇ. ಚಿಂಚೋನ್ ಎಂದರೆ ಸ್ಪೇನಿನವರಿಗೆ ಮೊದಲು ನೆನಪಾಗುವುದು ಅದೇ. ನೀರಿನಂತೆ ತಿಳಿಯಾಗಿರುವ ಅದಕ್ಕೆ ತಣ್ಣೀರು ಬೆರೆಸಿದರೆ ಸೋಂಪಿನ ಎಣ್ಣೆ ಬೇರ್ಪಟ್ಟು ಹಾಲಿನಂತೆ ಬೆಳ್ಳಗಾಗುತ್ತದೆ. ಕುಡಿಯದವರೂ ಪಕ್ಕದ ಮೇಜಿನಲ್ಲಿ ಇದನ್ನು ನೋಡಬಹುದು.

ದಾರಿಹೋಕ

ಗೂಳಿಕಾಳಗದ ಮಾತು ಮೇಲೆ ಬಂದು ಹಾಗೆಯೇ ಹೋಯಿತು. ಅದನ್ನು ಒಪ್ಪದವರು ಆ ದಿನಗಳನ್ನು ತಪ್ಪಿಸಿಕೊಳ್ಳಬೇಕಲ್ಲವೇ?

ಮಂಥನಾರೆಸ್ ದಂಡೆ

ಹೌದು. ಆಗಸ್ಟ್ ನಡುವಿನ ಊರಹಬ್ಬದಲ್ಲಿ ಚೌಕದ ಸುತ್ತ ಬೇಲಿ ಕಟ್ಟಿ ಕಾಳಗ ನಡೆಸುತ್ತಾರೆ. ಶರತ್ಕಾಲದಲ್ಲೂ ಒಂದೊಂದು ದಿನ ಇರುತ್ತದೆ. ನಾನು ಒಮ್ಮೆಯೂ ನೋಡಿಲ್ಲ, ನೋಡುವ ಇಚ್ಛೆಯೂ ಇಲ್ಲ. ಸ್ಪೇನಿನಲ್ಲೇ ಇದರ ಬಗ್ಗೆ ತೀವ್ರ ಭಿನ್ನಾಭಿಪ್ರಾಯವಿದೆ. ಹೋಗುವ ಮುಂಚೆ ಊರಿನ ಪ್ರವಾಸಿ ಕಚೇರಿಯಲ್ಲಿ ದಿನಾಂಕ ವಿಚಾರಿಸಿದರೆ ಸಾಕು. ಅದೇ ಚೌಕದಲ್ಲಿ ಈಸ್ಟರ್‌ನ ಹಿಂದಿನ ಶನಿವಾರದ ರಾತ್ರಿ ಊರಿನವರೇ ಪಾತ್ರ ವಹಿಸಿ ಯೇಸುವಿನ ಕೊನೆಯ ದಿನಗಳನ್ನು ಆಡಿ ತೋರಿಸುತ್ತಾರೆ. 1963ರಿಂದ ನಡೆದುಬಂದಿದೆ. ನಮ್ಮ ಬಯಲಾಟ ನೋಡಿ ಬೆಳೆದವರಿಗೆ ಅದು ಪರಕೀಯ ಅನ್ನಿಸುವುದಿಲ್ಲ: ಬೇಕರಿಯವನು ಸೈನಿಕನಾಗಿರುತ್ತಾನೆ, ಎಲ್ಲರಿಗೂ ಅವನು ಬೇಕರಿಯವನೆಂದು ಗೊತ್ತು, ಆದರೂ ಶಿಲುಬೆ ಏರುವಾಗ ಚೌಕವೆಲ್ಲ ಮೌನವಾಗುತ್ತದೆ.

ತುಂಗಾತೀರ

ಹೋಗಿ ಬಂದೆವು. ಎಲ್ಲರ ಸಲಹೆಗೂ ಋಣಿ. ನಿಮ್ಮೆಲ್ಲರ ಮಾತನ್ನೂ ಒಂದೊಂದಾಗಿ ಪಾಲಿಸಿದ್ದೇನೆ. ಮಂಗಳವಾರ ಬೆಳಗಿನ ಬಸ್ಸಿನಲ್ಲಿ ಹೋಗಿ, ಚೌಕಕ್ಕೆ ಹತ್ತಿರದ ಒಂದು ಸಣ್ಣ ಕೋಣೆಯಲ್ಲಿ ರಾತ್ರಿ ಉಳಿದು, ಬುಧವಾರ ಮಧ್ಯಾಹ್ನ ಹಿಂತಿರುಗಿದೆವು. ಹೋಗುವ ಹಿಂದಿನ ಸಂಜೆ ಪ್ರಾದೊದಲ್ಲಿ ಆ ಬಸುರಿ ಕೌಂಟೆಸ್‌ಳ ಎದುರು ಬಹಳ ಹೊತ್ತು ನಿಂತಿದ್ದೆ. ಇಪ್ಪತ್ತರ ಆಸುಪಾಸಿನ ಹುಡುಗಿ. ನಾನು ಪಾಠದಲ್ಲಿ ಕಲ್ಪಿಸಿಕೊಂಡಿದ್ದವಳಿಗೂ ಇವಳಿಗೂ ಯಾವ ಹೋಲಿಕೆಯೂ ಇಲ್ಲ.

ಚೌಕದಲ್ಲಿ ಯಜಮಾನರು ಕಾರಂಜಿಯ ಕಟ್ಟೆಯ ಮೇಲೆ ಕುಳಿತವರು ಮೂರು ಗಂಟೆ ಏಳಲಿಲ್ಲ. ನಾನು ಒಬ್ಬಳೇ ಚರ್ಚಿಗೆ ಏರಿದೆ. ಬಾಗಿಲು ಮುಚ್ಚಿತ್ತು; ಸಂಜೆ ಮತ್ತೆ ಏರಿ ಪೂಜೆಯ ಮೊದಲು ಗೋಯಾನ ಚಿತ್ರ ನೋಡಿದೆ. ಹಳೇ ಪುಸ್ತಕ ಅವರು ಹೇಳಿದ ಬೆಳಕು ಕಂಡಿತು. ಹೊರಗೆ ಬಂದು ಕೆಳಗೆ ನೋಡಿದರೆ ಚೌಕ ಪೂರ್ತಿ ಕಣ್ಣಳತೆಯಲ್ಲಿ. ಅಲ್ಲಿಂದ ಯಜಮಾನರ ಬಿಳಿಯ ತಲೆ ಗುರುತು ಸಿಕ್ಕಿತು, ಪಕ್ಕದಲ್ಲಿ ಇನ್ನೊಂದು ಬಿಳಿಯ ತಲೆ. ಇಳಿದು ಬಂದು ಕೇಳಿದರೆ, ಆ ಹಿರಿಯರು ಸ್ಪ್ಯಾನಿಷ್‌ನಲ್ಲಿಯೂ ಇವರು ಕನ್ನಡದಲ್ಲಿಯೂ ತಮ್ಮ ತಮ್ಮ ಮಂಡಿಯನ್ನು ಪರಸ್ಪರ ತೋರಿಸಿಕೊಂಡಿದ್ದರಂತೆ. ದಾರಿಹೋಕರೇ, ನೋಡುವ ಜಾಗಗಳು ಎರಡು ಗಂಟೆಯಲ್ಲಿ ಮುಗಿದದ್ದು ನಿಜವೇ. ನಮಗೆ ಬೇಕಾಗಿದ್ದ ಊರು ಅದಾದ ಮೇಲೆ ಆರಂಭವಾಯಿತು.

ಕೈಸಾಲೆಯ ಒಂದು ಅಂಗಡಿಯಲ್ಲಿ ಬೆಳ್ಳುಳ್ಳಿಯನ್ನು ಜಡೆ ಹೆಣೆದು ತೂಗುಹಾಕಿದ್ದರು. ಒಣಗಿದ ದಂಟುಗಳನ್ನು ಮೂರು ಎಳೆಯಾಗಿ, ಪ್ರತಿ ಹೆಣಿಗೆಗೂ ಒಂದು ಗಡ್ಡೆ ಸೇರಿಸುತ್ತ, ನಮ್ಮಲ್ಲಿ ಹುಡುಗಿಯರ ಜಡೆಗೆ ಹೂ ಸೇರಿಸುವ ಹಾಗೆಯೇ ಹೆಣೆದದ್ದು. ನಾನು ಹಿಂದು ಮುಂದಾಗಿ ತಿರುಗಿಸಿ ನೋಡುತ್ತಿದ್ದುದನ್ನು ಕಂಡು ಅಂಗಡಿಯ ಹೆಂಗಸು ಒಂದು ಜಡೆಯ ಬುಡವನ್ನು ಬಿಚ್ಚಿ, ನಿಧಾನವಾಗಿ ಮತ್ತೆ ಹೆಣೆದು ತೋರಿಸಿದಳು. ಸಣ್ಣ ಎಸಳು, ನೇರಳೆ ಗೆರೆ, ಘಾಟು ಜೋರು. ಅದೀಗ ಮಗಳ ಅಡುಗೆಮನೆಯ ಕಿಟಕಿಯ ಮೊಳೆಗೆ ತೂಗುತ್ತಿದೆ. ನಿನ್ನೆಯ ಸಾರಿಗೆ ಅದರದೇ ಒಗ್ಗರಣೆ.

ಸಾಸಿವೆ ಒಗ್ಗರಣೆಯವರ ‘ಸಿನ್’ಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದದ್ದರಿಂದ ಊಟಕ್ಕೆ ತೊಂದರೆಯಾಗಲಿಲ್ಲ. ಪಿಸ್ತೊ ಯಜಮಾನರಿಗೆ ಹಿಡಿಸಿತು.

ಕೌಂಟೆಸ್‌ಳ ವಿಷಯವನ್ನು ಬಸ್ಸಿನಲ್ಲಿ ಬರುವಾಗಲೇ ನಿರ್ಧರಿಸಿದೆ. ನನ್ನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಚೌಕದ ಚಿತ್ರ ಕಳಿಸಿ, ನಾನು ಹೇಳಿದ್ದ ಕಥೆ ನಡೆದದ್ದಲ್ಲ, ದಾಖಲೆ ಹೀಗಿದೆ ಎಂದು 1625, 1663, 1742, 1941 ಎಲ್ಲವನ್ನೂ ಸೇರಿಸಿ ಬರೆದೆ. ಮೊದಲ ಉತ್ತರ ಬಂದದ್ದು ಶಿವಮೊಗ್ಗದಲ್ಲಿ ವೈದ್ಯನಾಗಿರುವ ಒಬ್ಬನಿಂದ: ‘ಟೀಚರೇ, ಹಾಗಾದರೆ ಆ ತೊಗಟೆ ಜ್ವರಕ್ಕೆ ಆಗುತ್ತದೆಂದು ಮೊದಲು ಕಂಡುಕೊಂಡವರು ಯಾರು?’ ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ. ಹಳೇ ಪುಸ್ತಕ ಅವರೇ, ಎಲ್ಲಿಂದ ಓದಲು ಆರಂಭಿಸಲಿ?